ಬಸ್ಸಲ್ಲಿ ನಯವಾಗಿ ಹೇಳಿದರೆ ಕೇಳಲ್ಲ, ಜೋರು ಮಾಡಿದರೆ ಕಂಪ್ಲೇಂಟ್. ನೀವಾದರೆ ಏನು ಮಾಡುತ್ತೀರಿ?

ಇಳಕಲ್_ಲೈನ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಕಡೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಹೆಣ್ಣುಮಗಳು. ಸೇರಿ ಬಹಳ ದಿನ ಆಗಿಲ್ಲ. ಜಾಸ್ತಿ ಡ್ಯೂಟಿ ಬೀಳುವುದು ಬಾಗಲಕೋಟೆ, ಅಮೀನಗಡ, ಹುನಗುಂದ, ಇಳಕಲ್ ಲೈನಿಗೆ.

ನಮ್ಮ ಊರಲ್ಲಿ ಕಟ್ಟೆ ಮೇಲೆ ಕೂತವರನ್ನು ಮಾತಾಡಿಸದೆ ದಾಟಿ ಹೋದರೆ ಸಂಜೆಯೊಳಗೆ ಅದು ಅವ್ವನ ಕಿವಿಗೆ ಬೀಳುತ್ತಿತ್ತು. "ಅಷ್ಟ್ಯಾಕ ಸೊಕ್ಕ ಬಂದೈತಿ ನಿನಗ?" ಅಂತ ಕೇಳುತ್ತಿದ್ದಳು. ಹಾಗಾಗಿ ಬಸ್ಸಲ್ಲೂ ಅಕ್ಕಾರ, ಅಣ್ಣಾರ, ಕಾಕಾರ ಅಂತಲೇ ಬಾಯಿಗೆ ಬರುತ್ತದೆ. ಟ್ರೇನಿಂಗಿನಲ್ಲಿ ಯಾರೂ ಹೇಳಿಕೊಟ್ಟಿದ್ದಲ್ಲ.

ಕಷ್ಟ ಏನಂದರೆ, ಅದು ನಡೆಯುತ್ತಿಲ್ಲ.

ಬೆಳಗಿನ ಟ್ರಿಪ್ಪು ಹೇಗಿರುತ್ತದೆ ಅಂತ ಈ ಕಡೆಯವರಿಗೆ ಗೊತ್ತೇ ಇದೆ. ಕಾಲೇಜು ಹುಡುಗರು, ಬಾಗಲಕೋಟೆ ನವನಗರದ ಆಫೀಸುಗಳಿಗೆ ಹೋಗುವವರು, ದವಾಖಾನೆಗೆ ಹೊರಟ ವಯಸ್ಸಾದವರು, ಕಾಯಿಪಲ್ಲೆ ಬುಟ್ಟಿ. ಬಾಗಿಲಲ್ಲಿ ಒಂದು ಗುಂಪು ಜೋತಾಡುತ್ತಿರುತ್ತದೆ, ಬಸ್ಸಿನ ಹಿಂದೆ ಆರಾಮಾಗಿ ನಿಲ್ಲುವಷ್ಟು ಜಾಗ ಖಾಲಿ. "ಸ್ವಲ್ಪ ಒಳಗ ಸರೀರಿ ಅಣ್ಣಾರ" ಅಂದರೆ ಒಬ್ಬರೂ ಅಲುಗಾಡಲ್ಲ. ಇದೇ ಲೈನಿನಲ್ಲಿ ನನಗಿಂತ ಹಿರಿಯ ಕಂಡಕ್ಟರ್ ಒಬ್ಬರಿದ್ದಾರೆ. ಅವರು "ಏ, ಒಳಗ ನಡೀರೋ!" ಅಂತ ಒಮ್ಮೆ ಕೂಗಿದರೆ ಸಾಕು, ಇಡೀ ಬಸ್ಸು ಸರಿಯುತ್ತದೆ. ನಾನು ಅದೇ ದನಿ ತೆಗೆದರೆ "ಹೆಣ್ಣಮಗಳಾಗಿ ಎಷ್ಟ ಜೋರ ಐತಿ ನೋಡು ಬಾಯಿ" ಅನ್ನುತ್ತಾರೆ.

ಮೊನ್ನೆ ಒಬ್ಬರು ಅಮೀನಗಡಕ್ಕೆ 500ರ ನೋಟು ಕೊಟ್ಟರು. ಮೊದಲ ಟ್ರಿಪ್ಪು, ಚೀಲದಲ್ಲಿ ಚಿಲ್ಲರೆ ಇರಲಿಲ್ಲ. "ಇಳಿಯೋದ್ರೊಳಗ ಕೊಡ್ತೀನ್ರಿ" ಅಂದೆ. ಅಷ್ಟಕ್ಕೇ ಫೋನು ಎತ್ತಿ ವಿಡಿಯೋ ಶುರು ಮಾಡಿದರು. "ಏನಂದ್ರಿ? ಇನ್ನೊಮ್ಮೆ ಹೇಳ್ರಿ, ಎಲ್ಲಾರೂ ಕೇಳ್ಲಿ." ನಾನು ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ, ಸ್ವಲ್ಪ ಗಟ್ಟಿಯಾಗಿ. ಮಾರನೇ ದಿನ ಮೇಲಿನವರು ಕರೆಸಿ, ಪ್ರಯಾಣಿಕರ ಜೊತೆ ನಗುನಗುತ್ತಾ ಮಾತಾಡಬೇಕಮ್ಮಾ ಅಂತ ಬುದ್ಧಿ ಹೇಳಿದರು. ಹೇಳುವಾಗ ಅವರು ರಿಜಿಸ್ಟರಿನಿಂದ ತಲೆ ಎತ್ತಲೇ ಇಲ್ಲ, ಆ ಮಾತು ಬೇರೆ.

ಸೀನಿಯರ್‌ಗಳು ಎರಡು ಥರ ಹೇಳುತ್ತಾರೆ. ಒಬ್ಬರು, "ನಗಬ್ಯಾಡ, ನಕ್ಕರ ತಲಿ ಮ್ಯಾಲೆ ಕೂಡ್ತಾರ" ಅನ್ನುತ್ತಾರೆ. ನಮ್ಮ ಡ್ರೈವರ್ ಕಾಕಾ, "ಬಾಯಿ ಸಿಹಿ ಇಟ್ಕೊ, ಎಲ್ಲಾ ಸರಿ ಹೋಗ್ತೈತಿ" ಅನ್ನುತ್ತಾರೆ. ಅವರು ಕ್ಯಾಬಿನ್ನಲ್ಲಿ ಕೂತಿರುತ್ತಾರೆ, ಹೇಳುವುದು ಸುಲಭ.

ದಿನಾ ಜನರ ಜೊತೆ ಕೆಲಸ ಮಾಡುವವರು, ಅಂಗಡಿಯವರು, ಕೌಂಟರಿನವರು, ನೀವು ಹೇಗೆ ನಿಭಾಯಿಸುತ್ತೀರಿ? ಯೋಗ ಮಾಡು, ಉಸಿರು ಎಳೆದುಕೋ ಅಂತ ದಯವಿಟ್ಟು ಹೇಳಬೇಡಿ. ಆ ಗದ್ದಲದಲ್ಲಿ ಉಸಿರು ಎಳೆದುಕೊಳ್ಳಲಿಕ್ಕೆ ಜಾಗ ಇರಲ್ಲ.

ಕಿರಾಣಿ_ನವನಗರ:

ನನ್ನದು ಸಣ್ಣ ಕಿರಾಣಿ ಅಂಗಡಿ. ಸಂಜೆ ಐದಾರು ಜನ ಒಟ್ಟಿಗೆ ಬಂದು ನಿಲ್ಲುತ್ತಾರೆ. ಒಬ್ಬರಿಗೆ ಬೇಳೆ ತೂಗುತ್ತಿರುವಾಗಲೇ ಉಳಿದವರ ಕಡೆ ತಲೆ ಎತ್ತಿ ನೋಡಿ, "ಬಂದೆ ಅಕ್ಕಾರ, ಇವರದ ಆದ ಮ್ಯಾಲೆ ನಿಮ್ಮದ" ಅಂತ ಹೇಳುತ್ತೇನೆ. ಅಷ್ಟೇ. ತನ್ನನ್ನು ನೋಡಿದ್ದಾರೆ ಅಂತ ಗೊತ್ತಾದ ಗಿರಾಕಿ ಕಾಯುತ್ತಾನೆ. ನೋಡದೆ ಇದ್ದರೆ ಗಾಜಿನ ಮೇಲೆ ನಾಣ್ಯ ಬಡಿಯಲಿಕ್ಕೆ ಶುರು ಮಾಡುತ್ತಾನೆ.

ಬಸ್ಸಿಗೆ ಇದು ಎಷ್ಟು ಹೊಂದುತ್ತದೋ ನೀವೇ ನೋಡಿ. ನನಗೆ ಬಸ್ಸು ಹತ್ತಿದರೆ ವಾಂತಿ ಬರುತ್ತದೆ, ನಾನು ಬೈಕ್ ಮನುಷ್ಯ.

ವಸ್ತಿ_ಗಾಡಿ:

ತಂಗಿ, ನಾನು ರಿಟೈರ್ಡ್ ಕಂಡಕ್ಟರ್. ಬೀಳಗಿ, ಮುಧೋಳ, ಜಮಖಂಡಿ, ಬಾಗಲಕೋಟೆ, ಸರ್ವೀಸೆಲ್ಲಾ ಈ ಕಡೆಯೇ ಮುಗಿಯಿತು. ಸ್ವಲ್ಪ ಉದ್ದ ಬರೆಯುತ್ತೇನೆ. ಮನೆಯಲ್ಲಿ ಈ ಕಥೆಗಳನ್ನು ಕೇಳುವವರು ಈಗ ಯಾರೂ ಉಳಿದಿಲ್ಲ.

ನಿನಗೆ ಬುದ್ಧಿ ಹೇಳಿದ ಇಬ್ಬರ ಮಾತನ್ನೂ ಬದಿಗಿಡು. ನಗಬೇಕೋ ಬಿಡಬೇಕೋ ಅನ್ನುವುದು ದೊಡ್ಡ ವಿಷಯವೇ ಅಲ್ಲ. ಬಸ್ಸು ಹತ್ತಿದವನ ತಲೆಯಲ್ಲಿ ಓಡುವುದು ಬೇರೆ. ಇದು ನನ್ನ ಊರಿಗೆ ಹೋಗುತ್ತಾ? ನನ್ನ ಕ್ರಾಸಿನಲ್ಲಿ ನಿಲ್ಲುತ್ತಾ? ನನ್ನ ಚಿಲ್ಲರೆ ವಾಪಸ್ ಬರುತ್ತಾ? ಅವನು ಬಾಯಿ ಬಿಡುವ ಮೊದಲೇ ನೀನು ಇದನ್ನು ಹೇಳಿಬಿಟ್ಟರೆ ಅದು ಅವನಿಗೆ ಕೊಟ್ಟ ಮರ್ಯಾದೆ. ಕೇಳಿದ ಮೇಲೆ ಹೇಳಿದರೆ ಬರೀ ಉತ್ತರ. ಮೂರು ಸಲ ಕೇಳಿದ ಮೇಲೆ ಹೇಳಿದರೆ ಜಗಳ.

ಸ್ಟ್ಯಾಂಡಿನಲ್ಲಿ ಡಬಲ್ ಬೆಲ್ ಹೊಡೆಯುವ ಮೊದಲು ಬಾಗಿಲಲ್ಲಿ ನಿಂತು ಒಂದು ಸಲ ಕೂಗಿ ಹೇಳು. ಎಲ್ಲಿಗೆ ಹೋಗುತ್ತದೆ ಅನ್ನುವುದರ ಜೊತೆ ಎಲ್ಲಿಗೆ ಹೋಗಲ್ಲ, ಎಲ್ಲಿ ನಿಲ್ಲಲ್ಲ ಅನ್ನುವುದನ್ನೂ ಹೇಳು. ಬಾಗಲಕೋಟೆಗೆ ಬರುವ ಬಸ್ಸಿನಲ್ಲಂತೂ ಇದು ಬೇಕೇ ಬೇಕು. ನಮ್ಮದು ಈಗ ಒಂದೇ ಊರಲ್ಲ ನೋಡು. ಆಲಮಟ್ಟಿ ಹಿನ್ನೀರು ಬಂದು ಹಳೇ ಊರಿನ ಎಷ್ಟೋ ಓಣಿಗಳು ಹೋದವು, ಜನ ನವನಗರಕ್ಕೆ ಬಂದರು, ನಡುವೆ ವಿದ್ಯಾಗಿರಿ. ಹಳ್ಳಿಯ ಅಜ್ಜ "ಬಾಗಲಕೋಟಿಗೆ ಒಂದ ಕೊಡು" ಅಂದರೆ ಅವನ ತಲೆಯಲ್ಲಿ ಇರುವುದು ಹಳೇ ಊರಿನ ಸ್ಟ್ಯಾಂಡು. ನಿನ್ನ ಗಾಡಿ ನಿಲ್ಲುವುದು ನವನಗರದಲ್ಲಿ. ಅಲ್ಲಿ ಇಳಿಸಿ "ಬಂತು ಇಳೀರಿ" ಅಂದರೆ ಅವನು ಮತ್ತೆ ಆಟೋಕ್ಕೆ ದುಡ್ಡು ತೆರಬೇಕು. ಅವನು ಬೈದರೆ ನ್ಯಾಯ ಅವನ ಕಡೆಗೇ ಇದೆ. "ಹಳೇ ಊರಿಗೋ ನವನಗರಕ್ಕೋ ಅಜ್ಜಾರ?" ಅಂತ ಚೀಟಿ ಕೊಡುವ ಮೊದಲು ಕೇಳಿದರೆ ಮುಗಿಯಿತು.

ಇನ್ನು ಒಳಗೆ ಸರಿಸುವುದು. "ಒಳಗ ಸರೀರಿ" ಅಂತ ಎಲ್ಲರಿಗೂ ಹೇಳಿದರೆ ಯಾರಿಗೂ ಹೇಳಿದಂತೆ ಆಗಲ್ಲ. ಪ್ರತಿಯೊಬ್ಬನೂ ಅದು ಪಕ್ಕದವನಿಗೆ ಅಂದುಕೊಳ್ಳುತ್ತಾನೆ. ಒಬ್ಬನನ್ನು ಹಿಡಿ. "ನೀಲಿ ಅಂಗಿ ಅಣ್ಣಾರ, ನೀವು ಎರಡ ಹೆಜ್ಜಿ ಹಿಂದ ಹೋಗ್ರಿ, ಬಾಗಿಲದಾಗ ಕೂಸಿನ ಎತ್ತಿಕೊಂಡಾಕಿ ನಿಂತಾಳ." ಯಾಕೆ ಅಂತ ಹೇಳಿದೆ, ಎಷ್ಟು ಅಂತ ಹೇಳಿದೆ. ಅವನಿಗೆ ಇಲ್ಲ ಅನ್ನಲು ಆಗಲ್ಲ. ಅವನು ಸರಿದರೆ ಅವನ ಹಿಂದಿನವರೂ ಸರಿಯುತ್ತಾರೆ. ನಿನ್ನ ಹಿರಿಯ ಕಂಡಕ್ಟರ್ ಕೂಗಿದಾಗ ಬಸ್ಸು ಸರಿಯುವುದು ಹೆದರಿಕೆಗೆ. ಆ ಹೆದರಿಕೆ ಮುಂದಿನ ಸ್ಟಾಪಿನಲ್ಲಿ ಇಳಿದು ಹೋಗುತ್ತದೆ, ಹೊಸಬರಿಗೆ ಮತ್ತೆ ಕೂಗಬೇಕು. ಸಂಜೆ ಹೊತ್ತಿಗೆ ಅವರ ಗಂಟಲು ನೋಡು.

ಚಿಲ್ಲರೆಗೆ ಬರೋಣ. ಅರ್ಧ ಜಗಳ ಅಲ್ಲೇ ಹುಟ್ಟುತ್ತವೆ. ನಮ್ಮ ಕಾಲದಲ್ಲಿ ಚೀಟಿ ಹಿಂದೆ ಪೆನ್ನಿನಲ್ಲಿ ಬರೆದು ಕೊಡುತ್ತಿದ್ದೆವು, ಇಷ್ಟು ಬಾಕಿ ಅಂತ. ಪಾಪ, ಎಷ್ಟೋ ಜನ ಮರೆತು ಇಳಿದು ಹೋಗುತ್ತಿದ್ದರು. ಕೆಲವು ಕಂಡಕ್ಟರುಗಳಿಗೆ ಅದು ಚಹಾದ ದುಡ್ಡು. ಜನಕ್ಕೂ ಅದು ಗೊತ್ತು. ಹಾಗಾಗಿ "ಆಮೇಲೆ ಕೊಡ್ತೀನಿ" ಅನ್ನುವ ಮಾತಿನ ಮೇಲೆ ನಂಬಿಕೆ ಯಾವಾಗಲೋ ಹೋಗಿದೆ. ನಿನ್ನ ಕಡೆ ಫೋನು ಎತ್ತಿದವನು ನಿನ್ನ ಮೇಲಲ್ಲ, ಆ ಹಳೇ ಕಂಡಕ್ಟರ್ ಯಾರ ಮೇಲೋ ಸಿಟ್ಟು ಮಾಡಿದ. ಅದಕ್ಕೇ ಸ್ಟಾಪು ಬರುವ ಮೊದಲು ನೀನೇ ಕೂಗು: "ಅಮೀನಗಡ ಬಂತು, ಚಿಲ್ಲರೆ ಬಾಕಿ ಇದ್ದವರು ಚೀಟಿ ತೋರಸ್ರಿ." ಕೊಡಬೇಕಾದವರೇ ಮೊದಲು ಬಾಯಿ ಬಿಟ್ಟರೆ ಯಾರಿಗೂ ಅನುಮಾನ ಬರಲ್ಲ. ಅವನೇ ಕೇಳುವ ತನಕ ಸುಮ್ನೆ ಇದ್ದರೆ, ನೀನು ಆಮೇಲೆ ಎಷ್ಟೇ ನಕ್ಕು ಕೊಟ್ಟರೂ ಅವನ ಮನಸ್ಸಿನಲ್ಲಿ ನೀನು ಸಿಕ್ಕಿಬಿದ್ದವಳು.

ಹತ್ತು ರೂಪಾಯಿ ನಾಣ್ಯದ್ದು ಇನ್ನೊಂದು ರಗಳೆ. 14 ನಮೂನೆಯ ನಾಣ್ಯಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ನಮ್ಮ ಜನ ಕೇಳಬೇಕಲ್ಲ. "ಇದ ನಡ್ಯಂಗಿಲ್ರಿ" ಅಂತ ವಾಪಸ್ ಕೊಡುತ್ತಾರೆ. ಅಲ್ಲಿ ನಿಂತು ಕಾನೂನು ಹೇಳಬೇಡ, ಹಿಂದೆ ಅರ್ಧ ಬಸ್ಸು ಚೀಟಿಗೆ ಕಾಯುತ್ತಿರುತ್ತದೆ. ನಾನು ಒಂದೇ ಮಾತು ಹೇಳುತ್ತಿದ್ದೆ: "ಎಲ್ಲೂ ನಡೀಲಿಲ್ಲಂದ್ರ ನಾಳೆ ಬಸ್ಸಿನ್ಯಾಗ ನನಗ ಕೊಡ್ರಿ, ನಾ ತಗೋತೀನಿ." ನಿಜವಾಗಿಯೂ ತಗೊಳ್ಳಬೇಕು ಮತ್ತೆ. ಈಗ ಕ್ಯೂಆರ್ ಕೋಡ್ ಬಂದಿದೆ, ಈ ಕಾಟ ಸ್ವಲ್ಪ ಕಡಿಮೆ ಅಂತ ಕೇಳಿದ್ದೇನೆ. ನೆಟ್‌ವರ್ಕ್ ಸಿಗದ ಕಡೆ ಹೊಸ ಕಾಟ ಇರಬೇಕು.

ಈಗ ನನಗೆ ಸಿಟ್ಟು ಬರುವ ವಿಷಯ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ನಾನು ಇನ್ನೂ ಡ್ಯೂಟಿಯಲ್ಲಿದ್ದೆ. ನಮ್ಮಲ್ಲೇ ಕೆಲವರು ಹೆಣ್ಣುಮಕ್ಕಳನ್ನು "ಪುಕ್ಕಟೆ ಗಿರಾಕಿ" ಅಂತ ಎದುರಿಗೇ ಅನ್ನುತ್ತಿದ್ದರು. ಆ ಕಡೆ ಹೆಣ್ಣುಮಕ್ಕಳೂ "ಫ್ರೀ ಐತಲ್ಲ, ಚೀಟಿ ಯಾಕ?" ಅನ್ನುತ್ತಿದ್ದರು. ಅದು ಯಾಕೆ ಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಆ ಶೂನ್ಯ ಟಿಕೆಟಿನ ಲೆಕ್ಕದ ಮೇಲೆಯೇ ಸರ್ಕಾರ ಸಂಸ್ಥೆಗೆ ದುಡ್ಡು ಕೊಡಬೇಕಾದದ್ದು. "ಅವ್ವಾರ, ನೀವು ಚೀಟಿ ತಗೊಂಡ್ರನ ನಮ್ಮ ಬಸ್ಸಿಗೆ ರೊಕ್ಕ ಬರ್ತದ" ಅಂದರೆ ಅವರು ತಾವಾಗಿ ಕೈ ಚಾಚುತ್ತಾರೆ. "ಆಧಾರ್ ತೆಗಿ, ಲಗೂನ ತೆಗಿ" ಅಂದರೆ ಮುಖ ಗಂಟು ಹಾಕುತ್ತಾರೆ.

ಆ ಆಧಾರ್ ಹೊರಗೆ ಬರುವುದನ್ನು ನೋಡಿದ್ದೀಯಲ್ಲ? ಮೊದಲು ತೊಡೆ ಮೇಲಿನ ಚೀಲವನ್ನು ಪಕ್ಕದವರಿಗೆ ಕೊಡಬೇಕು. ಆಮೇಲೆ ಸೊಂಟದ ಚಂಚಿ. ಚಂಚಿಯ ದಾರ ಬಿಚ್ಚಿದರೆ ಎಲೆ, ಅಡಿಕೆ, ಸುಣ್ಣದ ಡಬ್ಬಿ. ಅದರ ಕೆಳಗೆ ಪ್ಲಾಸ್ಟಿಕ್ ಕವರ್, ರಬ್ಬರ್ ಬ್ಯಾಂಡ್ ಎರಡು ಸುತ್ತು. ಒಳಗೆ ಮೊಮ್ಮಗನ ಫೋಟೋ, ದವಾಖಾನೆ ಚೀಟಿ, ಕಡೆಗೆ ನಾಲ್ಕು ಮಡಿಕೆಯ ಆಧಾರ್. ಇಷ್ಟೂ ಹೊತ್ತು ನೀನು ಮಷೀನ್ ಹಿಡಿದು ತಲೆ ಮೇಲೆ ನಿಂತರೆ ಆ ಅಜ್ಜಿಯ ಕೈ ನಡುಗುತ್ತದೆ, ಇನ್ನೂ ತಡ ಆಗುತ್ತದೆ. "ನಿದಾನಕ್ಕ ತೆಗೀರಿ, ಹಿಂದ ಹೋಗಿ ಬರ್ತೀನಿ" ಅಂತ ಹೇಳಿ ಎರಡು ಸಾಲು ಹಿಂದೆ ಹೋಗು. ವಾಪಸ್ ಬರುವಷ್ಟರಲ್ಲಿ ಕಾರ್ಡು ಕೈಯಲ್ಲಿ ರೆಡಿ ಇರುತ್ತದೆ. ನಿನ್ನ ಟೈಮೂ ಉಳಿಯಿತು.

ವಸ್ತಿ ಡ್ಯೂಟಿ ನಿನಗೆ ಬಿದ್ದಿರಲಿಕ್ಕಿಲ್ಲ. ರಾತ್ರಿ ಕಡೇ ಟ್ರಿಪ್ಪು ಹಳ್ಳಿಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು, ಬೆಳಗಿನ ಮೊದಲ ಟ್ರಿಪ್ಪು ಅಲ್ಲಿಂದಲೇ. ಬೀಳಗಿ ಕಡೆಯ ಒಂದು ಹಳ್ಳಿಗೆ ನಾನು ಬಹಳ ವರ್ಷ ವಸ್ತಿ ಮಾಡಿದೆ. ಹನುಮಪ್ಪನ ಗುಡಿ ಮುಂದೆ ಗಾಡಿ ನಿಲ್ಲಿಸಿ, ಲೆಕ್ಕ ಬರೆದು, ಕೈಕಾಲು ತೊಳೆಯುವಷ್ಟರಲ್ಲಿ ಯಾವುದಾದರೂ ಮನೆಯಿಂದ ಬುತ್ತಿ ಬರುತ್ತಿತ್ತು. ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಒಂದು ಚರಿಗೆ ಮಜ್ಜಿಗೆ. ಯಾರ ಮನೆ ಅಂತ ಎಷ್ಟೋ ಸಲ ಗೊತ್ತೇ ಆಗುತ್ತಿರಲಿಲ್ಲ. ಆ ಊರಲ್ಲಿ ಔಷಧಿ ಅಂಗಡಿ ಇರಲಿಲ್ಲ. ಬೆಳಿಗ್ಗೆ ಜನ ಡಾಕ್ಟರ್ ಬರೆದ ಚೀಟಿ ಕೊಡುತ್ತಿದ್ದರು, ಸಂಜೆ ನಾನು ಗುಳಿಗೆ ತಂದುಕೊಡುತ್ತಿದ್ದೆ. ಗುಳಿಗೆ, ಅಂಗಡಿಯ ಬಿಲ್ಲು, ಉಳಿದ ಚಿಲ್ಲರೆ, ಮೂರನ್ನೂ ಒಟ್ಟಿಗೆ ಕೈಗೆ ಇಡುತ್ತಿದ್ದೆ. ನನ್ನ ಮುಖ ಅಷ್ಟೇನೂ ನಗುಮುಖ ಅಲ್ಲ. ನನ್ನ ಹೆಂಡತಿಯನ್ನು ಕೇಳಿ ಬೇಕಾದರೆ. ಆದರೂ ಆ ಊರಿನ ಟ್ರಿಪ್ಪಿನಲ್ಲಿ ನನ್ನ ಜೊತೆ ಒಬ್ಬರೂ ಜಗಳ ಆಡಿದ ನೆನಪಿಲ್ಲ.

ಕುಡಿದು ಬಂದವನಿಗೆ ಇದ್ಯಾವುದೂ ಹತ್ತಲ್ಲ. ಅಣ್ಣಾರ ಗಿಣ್ಣಾರ ಬೇಡ. ಮಾತೇ ಬೆಳೆಸಬೇಡ. ಸಿಂಗಲ್ ಬೆಲ್ ಹೊಡೆ, ಡ್ರೈವರಿಗೆ ಹೇಳು, ಇಳಿಸಿಬಿಡು. ಜಾಸ್ತಿ ಮಾಡಿದರೆ ಗಾಡಿ ನೇರ ಪೊಲೀಸ್ ಸ್ಟೇಷನ್ ಮುಂದೆ.

ಡಬಲ್_ಡ್ಯೂಟಿ:

ವಸ್ತಿ ಕಾಕಾ ಹೇಳಿದ್ದು ಎಲ್ಲಾ ಸರಿ. ಆದರೆ ಈ ಸೌಜನ್ಯದ ಭಾರ ಯಾವಾಗಲೂ ಕೆಳಗಿನವರ ಮೇಲೇ ಯಾಕೆ ಬೀಳುತ್ತದೆ?

2025ರ ಜನವರಿ 5ಕ್ಕೆ ಬಸ್ ದರ ಶೇ. 15ರಷ್ಟು ಏರಿತು. ಏರಿಸಿದವರು ಬೆಂಗಳೂರಲ್ಲಿ ಕೂತವರು. ಅವತ್ತು ಬೆಳಿಗ್ಗೆ ಬೈಗುಳ ತಿಂದಿದ್ದು ಕಂಡಕ್ಟರುಗಳು. "ನಿನ್ನೆ ಇಷ್ಟಿತ್ತು, ಇವತ್ತ ಯಾಕ ಇಷ್ಟ?" ಅಂತ ಪ್ರತಿ ಸೀಟಿನಲ್ಲೂ ಕೇಳಿದರು. ಮಷೀನಿನಲ್ಲಿ ಬಂದದ್ದನ್ನು ಹರಿದು ಕೊಡುವವರು ಏನು ಉತ್ತರ ಹೇಳಬೇಕು?

ರಜೆ ಕೇಳಿದರೆ ಜನ ಇಲ್ಲ ಅನ್ನುತ್ತಾರೆ. ಬಂದ ಗಾಡಿಯಿಂದ ಇಳಿದು ಮತ್ತೊಂದು ಗಾಡಿ ಹತ್ತು ಅನ್ನುತ್ತಾರೆ. ಹೆಣ್ಣುಮಕ್ಕಳಿಗೆ ಎಷ್ಟೋ ಸ್ಟಾಪಿನಲ್ಲಿ ಶೌಚಾಲಯ ಇಲ್ಲ, ನೀರು ಕುಡಿಯಲಿಕ್ಕೂ ಹೆದರುತ್ತಾರೆ. ಹೊಟ್ಟೆಗಿಲ್ಲದೆ, ನೀರಿಲ್ಲದೆ ನಿಂತವರಿಗೆ ನಗು ಅಂತ ಹೇಳುವವರು ರಿಜಿಸ್ಟರಿನಿಂದ ತಲೆ ಎತ್ತಲ್ಲ. ಅವರಿಗೆ ಯಾರು ಟ್ರೇನಿಂಗ್ ಕೊಡಬೇಕು?

ನನ್ನ ಸಲಹೆ ಇಷ್ಟೇ. ಆ ಕಂಪ್ಲೇಂಟಿಗೆ ಲಿಖಿತ ಉತ್ತರ ಕೊಡಿ. ಮೊದಲ ಟ್ರಿಪ್ಪು, ಚಿಲ್ಲರೆ ಇರಲಿಲ್ಲ, ಇಳಿಯುವಾಗ ಇಷ್ಟು ಕೊಟ್ಟೆ ಅಂತ ಬರೆದು ಒಂದು ಕಾಪಿ ಇಟ್ಟುಕೊಳ್ಳಿ. ಬಾಯಲ್ಲಿ ಹೇಳಿದ್ದು ನಾಳೆ ಯಾರಿಗೂ ನೆನಪಿರಲ್ಲ.

ಖಡೇಬಜಾರ್_ಕೌಂಟರ್:

ಬೆಳಗಾವಿಯಿಂದ. ಸೀರೆ ಅಂಗಡಿಯಲ್ಲಿ ಸೇಲ್ಸ್‌ನಲ್ಲಿದ್ದೇನೆ, ಅಂಗಡಿ ನನ್ನದಲ್ಲ.

ನಗು ಬೇಕಾಗಿಲ್ಲ ಅನ್ನುವುದನ್ನು ನಾನು ಒಪ್ಪಲ್ಲ ಕಾಕಾ. ನಿಮ್ಮ ಗಿರಾಕಿ ಹೇಗಿದ್ದರೂ ಬಸ್ಸು ಹತ್ತಲೇಬೇಕು. ನಮ್ಮ ಗಿರಾಕಿಗೆ ಪಕ್ಕದಲ್ಲೇ ಇನ್ನೊಂದು ಅಂಗಡಿ ಇದೆ. ಒಬ್ಬರು ಬಂದು ಗಾದಿ ತುಂಬಾ ಸೀರೆ ಬಿಚ್ಚಿಸಿ, "ನಾಳೆ ಅತ್ತೀನ ಕರಕೊಂಡ ಬರ್ತೀನಿ" ಅಂತ ಎದ್ದು ಹೋಗುತ್ತಾರೆ. ಆ ಅತ್ತೆ ಬರಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಆದರೂ "ಬರ್ರಿ ಅಕ್ಕಾರ, ಈ ಕೆಂಪ ಒಂದ ಬದಿಗಿಟ್ಟಿರ್ತೀನಿ" ಅಂತ ನಕ್ಕು ಕಳಿಸುತ್ತೇನೆ. ಯಾಕೆಂದರೆ ಮದುವೆ ಬಸ್ತಾ, ಅಂದರೆ ಮದುವೆಯ ಬಟ್ಟೆಬರೆ, ಕಟ್ಟಿಸುವಾಗ ಅವರೇ ಇಡೀ ಮನೆಯವರನ್ನು ಕರೆದುಕೊಂಡು ಬಂದದ್ದೂ ಇದೆ.

ನಮ್ಮಲ್ಲಿ ಇನ್ನೊಂದು ಇದೆ. ಒಂದು ಗಿರಾಕಿ ಕನ್ನಡ, ಒಂದು ಮರಾಠಿ, ಒಂದು ಉರ್ದು, ವಾರದ ಕೊನೆಗೆ ಗೋವಾದವರ ಕೊಂಕಣಿ. ಬಂದವರು ಯಾವುದರಲ್ಲಿ ಮಾತು ಶುರು ಮಾಡುತ್ತಾರೋ ಅದರಲ್ಲೇ ಮೊದಲ ಎರಡು ಮಾತು ಹೇಳುತ್ತೇನೆ. ಆಮೇಲೆ ನನ್ನ ಕನ್ನಡ ಶುರು. ಅವರೂ ಆಗ ಬಂದಷ್ಟು ಕನ್ನಡ ಹುಡುಕಿ ಮಾತಾಡುತ್ತಾರೆ. ಪೇಪರ್ ಓದಿದರೆ ಬೆಳಗಾವಿಯಲ್ಲಿ ದಿನಾ ಭಾಷೆಗೇ ಜಗಳ ಅನಿಸುತ್ತದೆ. ಕೌಂಟರ್ ಮೇಲೆ ಜಗಳ ಆಗುವುದು ರೇಟಿಗೆ.

ಅಮೀನಗಡ_ಟೀಚರ್:

ನಾನು ಇದೇ ಲೈನಿನಲ್ಲಿ ದಿನಾ ಓಡಾಡುವವಳು. ಪ್ರಾಯಶಃ ನಿಮ್ಮ ಬಸ್ಸಿನಲ್ಲೇ. ಮುಂದಿನ ಬಾಗಿಲ ಹತ್ತಿರ ನಿಂತು ಪೇಪರ್ ತಿದ್ದುವ ಟೀಚರ್ ಯಾರಾದರೂ ಕಣ್ಣಿಗೆ ಬಿದ್ದರೆ ಅದು ನಾನೇ.

ಹತ್ತುವವರ ಕಡೆಯಿಂದ ಎರಡು ಮಾತು ಹೇಳುತ್ತೇನೆ. ಬಸ್ಸು ತಡವಾಗಿ ಬಂದರೆ ನಾವು ಕಂಡಕ್ಟರನ್ನು ಬೈಯುತ್ತೇವೆ. ಡ್ರೈವರ್ ಬ್ರೇಕ್ ಹಾಕಿದರೂ ಕಂಡಕ್ಟರನ್ನೇ ಬೈಯುತ್ತೇವೆ. ಹತ್ತಿರ ಸಿಗುವವರು ಅವರೊಬ್ಬರೇ ಅಲ್ವಾ? ನಾನು ಮಾಡುವುದು ಸಣ್ಣದು. ಹತ್ತುವಾಗ ನಮಸ್ಕಾರ ಅನ್ನುತ್ತೇನೆ, ಸರಿಯಾದ ಚಿಲ್ಲರೆ ಹಿಡಿದಿರುತ್ತೇನೆ. ಗದ್ದಲ ಇದ್ದಾಗ ಹಿಂದಿನವರ ದುಡ್ಡು ಮುಂದೆ ಕೊಟ್ಟು, ಚೀಟಿ ಹಿಂದೆ ದಾಟಿಸುತ್ತೇನೆ. ಐದಾರು ಕೈ ದಾಟಿ ಹೋದ ನೋಟು, ಅದೇ ಕೈಗಳನ್ನು ದಾಟಿ ಚಿಲ್ಲರೆ ಸಮೇತ ವಾಪಸ್ ಬರುತ್ತದೆ. ಒಂದು ರೂಪಾಯಿ ಕಡಿಮೆ ಆಗಿದ್ದನ್ನು ನಾನು ಕಂಡಿಲ್ಲ. ನಮ್ಮ ಜನ ಒರಟು ಅನ್ನುವವರು ಇದನ್ನು ಒಮ್ಮೆ ನೋಡಬೇಕು.

ವಿಡಿಯೋ ವಿಷಯ. ಅವರು ಫೋನು ಎತ್ತಿದಾಗ ನೀವು ಒಬ್ಬರೇ ಮಾತಾಡಬೇಡಿ. ದಿನಾ ಬರುವವರು ಯಾವ ಬಸ್ಸಿನಲ್ಲೂ ಹತ್ತು ಜನ ಇರುತ್ತೇವೆ. "ಟೀಚರ್, ನಾ ಏನಂದೆ ನೀವ ಹೇಳ್ರಿ" ಅಂತ ನಮ್ಮ ಕಡೆ ತಿರುಗಿ. ಸುಳ್ಳು ಹೇಳುವುದಿಲ್ಲ, ಸುಮ್ನೆಯೂ ಇರುವುದಿಲ್ಲ.

ಇನ್ನು ನಮ್ಮ ಹುನಗುಂದ ತಾಲ್ಲೂಕಿನಲ್ಲೇ ಕೂಡಲಸಂಗಮ ಇದೆ. ಬಂದವರನ್ನು ಕೂತ್ಕೊಳ್ಳಿ ಅಂದರೆ ನೆಲ ಕುಳಿ ಬೀಳುತ್ತದೆಯೇ ಅಂತ ಬಸವಣ್ಣ ಕೇಳಿದ್ದು 12ನೇ ಶತಮಾನದಲ್ಲಿ. ಇದನ್ನು ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತೇನೆ. ಅದೇ ಹುಡುಗರು ಸಂಜೆ ಬಸ್ಸಿನಲ್ಲಿ ನನಗೆ ಸೀಟು ಬಿಡಲ್ಲ.

ಡಬಲ್_ಡ್ಯೂಟಿ:

ಟೀಚರ್, ಬಸ್ಸಲ್ಲಿ ಕೂತ್ಕೊಳ್ಳಿ ಅನ್ನಲಿಕ್ಕೆ ಮೊದಲು ಸೀಟು ಬೇಕಲ್ಲ. ಹೆಚ್ಚಿಗೆ ಎರಡು ಬಸ್ಸು ಬಿಡಿಸಿ, ಆಮೇಲೆ ನೋಡಿ ನಮ್ಮ ವಿನಯ.

ಇಳಕಲ್_ಲೈನ್:

ಎಲ್ಲರಿಗೂ ಧನ್ಯವಾದ. ಟೀಚರ್, ನೀವು ಯಾರು ಅಂತ ಗೊತ್ತಾಯಿತು, ಹೆಸರು ಹೇಳಲ್ಲ ಬಿಡಿ. ಲಿಖಿತ ಉತ್ತರ ನಾಳೆಯೇ ಕೊಡುತ್ತೇನೆ.

ವಸ್ತಿ ಕಾಕಾರ, ಇವತ್ತು ಬೆಳಿಗ್ಗೆ "ನೀಲಿ ಅಂಗಿ ಅಣ್ಣಾರ" ಅಂದೆ. ಮೂರು ಜನ ನೀಲಿ ಅಂಗಿಯವರು ಒಟ್ಟಿಗೆ ಸರಿದರು. ಬಸ್ಸೆಲ್ಲಾ ನಕ್ಕಿತು. ನನಗೂ ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ಯಾರೂ ತಲೆ ಮೇಲೆ ಕೂರಲಿಲ್ಲ.

ಚಿಲ್ಲರೆ ಕೂಗುವುದು ಮಾತ್ರ ಸ್ವಲ್ಪ ಕಷ್ಟ. ಬಾಕಿ ಇಲ್ಲದವರೂ "ನಂದೈತಿ" ಅಂತ ಬರುತ್ತಾರೆ. ನಾನು ಚೀಟಿ ಹಿಂದೆ ಬರೆಯುವುದರ ಜೊತೆ ಸಣ್ಣ ನೋಟ್‌ಬುಕ್ಕಿನಲ್ಲೂ ಬರೆದುಕೊಳ್ಳಲಿಕ್ಕೆ ಶುರು ಮಾಡಿದ್ದೇನೆ.

ಇನ್ನೊಂದು ಕೇಳಬೇಕಿತ್ತು. ಇಳಕಲ್ಲಿನಿಂದ ಸೀರೆ ಗಂಟು ತರುವವರು ದಿನಾ ಇರುತ್ತಾರೆ. 30 ಕೆಜಿ ತನಕ ಫ್ರೀ ಅಂತ ಅವರಿಗೂ ಗೊತ್ತು. ಗಂಟು ನೋಡಿದರೆ ಅದಕ್ಕಿಂತ ಜಾಸ್ತಿ ಅಂತ ನನಗೂ ಗೊತ್ತು. ತಕ್ಕಡಿ ಇಲ್ಲ. ಲಗೇಜ್ ಚೀಟಿ ಅಂದ ಕೂಡಲೇ "ಮನೀ ಸೀರಿ ಅದಾವ್ರಿ, ತಂಗಿ ಮದುವಿ ಐತಿ" ಅನ್ನುತ್ತಾರೆ. ಎಷ್ಟು ತಂಗಿಯರ ಮದುವೆ ಆಗುತ್ತದೋ ಇಳಕಲ್ಲಿನಲ್ಲಿ! ಚೀಟಿ ಕೊಡದೆ ಬಿಟ್ಟರೆ ಲೈನ್ ಚೆಕಿಂಗಿನವರು ನನಗೆ ಮೆಮೊ ಕೊಡುತ್ತಾರೆ. ಇವರ ಜೊತೆ ಹೇಗೆ ಮಾತಾಡಲಿ?

ವಸ್ತಿ_ಗಾಡಿ:

ನೋಟ್‌ಬುಕ್ಕು ಒಳ್ಳೇದು, ಬಿಡಬೇಡ.

ಗಂಟಿನವರ ಜೊತೆ ದುಡ್ಡಿನ ಮಾತು ಮೊದಲು ಎತ್ತಬೇಡ. ಗಂಟು ಹತ್ತುವಾಗಲೇ ಎದ್ದು ಹೋಗು. "ಇಲ್ಲಿ ಬಾಗಿಲದಾಗ ಬ್ಯಾಡ್ರಿ, ಕಾಲ ಧೂಳ ಹತ್ತತೈತಿ, ಹಿಂದಿನ ಸೀಟ ಕೆಳಗ ಇಡೂಣ" ಅಂತ ಒಂದು ಕಡೆ ನೀನೂ ಕೈ ಹಾಕು. ಎತ್ತಿ ನೋಡಿದರೆ ತೂಕ ಅಂದಾಜು ಸಿಗುತ್ತದೆ. ಎತ್ತುವಾಗ ನೀನು "ಅಬ್ಬಾ" ಅಂದರೆ ಅವನಿಗೂ ಅರ್ಥ ಆಗುತ್ತದೆ. ಮಳೆಗಾಲದಲ್ಲಂತೂ ಟಾಪ್ ಮೇಲೆ ಹಾಕಿಸಲೇಬೇಡ, ಆ ರೇಷ್ಮೆ ಸೆರಗಿಗೆ ನೀರು ಬಿದ್ದರೆ ಅವನ ತಿಂಗಳ ದುಡಿಮೆ ಹೋಯಿತು.

ಚೀಟಿ ಕೊಡಲು ಹೋದಾಗ ಮದುವೆ ಯಾವತ್ತು, ಎಲ್ಲಿ ಅಂತೆಲ್ಲಾ ಕೇಳಿ ಅವನನ್ನು ಸುಳ್ಳು ಹೇಳಿಸಬೇಡ. ನಾಲ್ಕು ಜನರ ಮುಂದೆ ಸಿಕ್ಕಿಸಿದರೆ ದುಡ್ಡು ಬರಬಹುದು, ನಾಳೆಯಿಂದ ಅವನು ನಿನ್ನ ಗಾಡಿ ಬಿಟ್ಟು ಟೆಂಪೋ ಹತ್ತುತ್ತಾನೆ. "ಗಂಟಿಗೊಂದ ಲಗೇಜ್ ಚೀಟಿ ಇರ್ಲಿರಿ, ದಾರಿಯೊಳಗ ಏನರ ಹೆಚ್ಚುಕಮ್ಮಿ ಆದ್ರ ಮಾಲ ನಿಮ್ಮದ ಅನ್ನಾಕ ಕಾಗದ ಬೇಕು" ಅಂದುಬಿಡು. ನನ್ನ ಗಾಡಿಗೆ ಖಾಯಂ ಬರುತ್ತಿದ್ದ ಒಬ್ಬ ಸೀರೆ ವ್ಯಾಪಾರಿ ಕಡೆಕಡೆಗೆ ತಾನೇ ಕೇಳಿ ತಗೊಳ್ಳುತ್ತಿದ್ದ. ಚೀಟಿ ಕೈಗೆ ಬಂದಮೇಲೇ ಮಲಗುತ್ತಿದ್ದ.